ಏಳನೇ ಹಗೇವು

ಪಂಚಾಕ್ಷರಪ್ಪನ ಬಾಯಲ್ಲಿ ಏಳು ಹಗೇವುಗಳಿದ್ದವು. ಬಾಯಿಂದ ಆಚೆಗೆ ಒಂದೂ ಇರಲಿಲ್ಲ, ಎಲ್ಲವೂ ಡ್ಯಾಮಿನ ಹಿನ್ನೀರಿಗೆ ಹೋಗಿದ್ದವು. ಆದರೂ ಕೊಟ್ಟೂರಿನ ಸಂತೆಯಿರಲಿ, ಹಡಗಲಿಯ ಬೀಗರ ಮದುವೆಯಿರಲಿ, ಮಾತು ಎಲ್ಲಿಂದ ಹೊರಟರೂ ಸುತ್ತಿ ಬಳಸಿ ಆ ಏಳು ಹಗೇವಿಗೇ ಬಂದು ನಿಲ್ಲುತ್ತಿತ್ತು. ನೆಲ ಅಗೆದು ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಜೋಳ ಕೆಡದೆ ಇರುತ್ತಿದ್ದ ಕಾಲ ಅದು. ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡಿ, ಮೊದಲು ಮನೆಗೆ ಹಗೇವು ಎಷ್ಟು ಎಂದು ಕೇಳುತ್ತಿದ್ದರಂತೆ. ಮುತ್ತಗನಹಾಳು ಮುಳುಗುವಾಗ ಆರು ಹಗೇವು ಬರಿದು ಮಾಡಿ ಗಾಡಿಗೆ ಹೇರಿದೆವು, ಏಳನೆಯದಕ್ಕೆ ಕೈ ಹಾಕುವಷ್ಟರಲ್ಲಿ ನೀರು ಅಗಸಿಗೆ ಬಂದಿತ್ತು, ಬಿಳಿಜೋಳ ತುಂಬಿದ್ದು ತುಂಬಿದ ಹಾಗೇ ಉಳಿಯಿತು ಎಂಬಲ್ಲಿಗೆ ಅವನ ಕತೆ ಮುಗಿಯುತ್ತಿತ್ತು.

ಅವನ ಹೆಂಡತಿ ನಾಗಲಿಂಗಮ್ಮ ಈ ಕತೆಯನ್ನು ಇಪ್ಪತ್ತೆರಡು ವರ್ಷಗಳಿಂದ ಕೇಳಿದವಳು. ಮೊದಲ ವರ್ಷ ಕಣ್ಣರಳಿಸಿ ಕೇಳಿದಳು, ಆಮೇಲೆ ರೊಟ್ಟಿ ಬಡಿಯುತ್ತ ಕೇಳಿದಳು. ಇದೇ ಕತೆ ಒಂದು ದಿನ ತನ್ನ ಮಗಳ ಬಾಳಿಗೆ ಅಡ್ಡ ಬಂದೀತು ಎಂದು ಅವಳಿಗೆ ಹೊಳೆಯಲಿಲ್ಲ. ಯಾರಿಗೆ ತಾನೆ ಹೊಳೆದೀತು?

ಮಗಳು ಕೊಟ್ರಮ್ಮನನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಅಳಿಯ ಹಾಲೇಶಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ, ಗಡಿಯಾರ, ಬ್ಯಾಟರಿ ಮಾರುವ ಅಂಗಡಿ. ಹುಡುಗ ಬೆಲ್ಲದಂಥವನು. ಅವನ ತಾಯಿ ಮಾತ್ರ ಮೆಣಸಿನಕಾಯಿ. ಮದುವೆಯ ಮಾತುಕತೆಯಲ್ಲಿ ಪಂಚಾಕ್ಷರಪ್ಪ ಉದುರಿಸಿದ ಏಳು ಹಗೇವನ್ನು ಆ ಬೀಗಿತ್ತಿ ಸೆರಗಿನಲ್ಲಿ ಗಂಟು ಹಾಕಿಕೊಂಡೇ ಹೋಗಿದ್ದಳು. ಸೊಸೆ ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ, "ಏಳು ಹಗೇವಿನ ಮನಿಯಾಕಿ, ಉಪ್ಪು ಕಮ್ಮಿ ಹಾಕ್ಯಾಳೇನು" ಎನ್ನುವಳು. ಹಿಟ್ಟು ಚೆಲ್ಲಿದರೂ ಅದೇ, ಸೀರೆ ಮಾಸಿದರೂ ಅದೇ. ತವರಿಗೆ ಬಂದ ಮೊದಲ ದಿನವೇ ಕೊಟ್ರಮ್ಮ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಿದ್ದಳು. "ಅಪ್ಪ ಹೇಳಿದ್ದು ಖರೇನ ಇರಬಹುದವ್ವಾ, ಆದ್ರ ಅದನ್ನ ತೋರ್ಸೋರು ಯಾರು?" ಎಂದಿದ್ದಳು. 

ಎಂಬತ್ತೈದರ ಬೇಸಿಗೆ. ಅಳಿಯ ಮೊದಲ ಸಲ ನಾಲ್ಕು ದಿನ ಇರಲು ಬಂದಿದ್ದ. ಬರುವಾಗ ಮಾವನಿಗೆಂದು ಮೂರು ಸೆಲ್ಲಿನ ಹೊಸ ಬ್ಯಾಟರಿ ತಂದಿದ್ದ, ಹಿತ್ತಾಳೆಯಂತೆ ಹೊಳೆಯುವುದು. ಪಂಚಾಕ್ಷರಪ್ಪ ಅದನ್ನು ಹಗಲಲ್ಲೂ ಬಿಡದೆ ಹಿಡಿದುಕೊಂಡು ತಿರುಗಿದ. ತಂಬ್ರಹಳ್ಳಿ ಚಾದಂಗಡಿಯಲ್ಲಿ ಮಟಮಟ ಮಧ್ಯಾಹ್ನ ಹೊತ್ತಿಸಿ ನಾಲ್ಕು ಜನಕ್ಕೆ ತೋರಿಸಿ ಬಂದ. ಆ ವರ್ಷ ಹಿನ್ನೀರು ಬಹಳ ದೂರ ಸರಿದು ಹಳೇ ಊರುಗಳ ಗೋಡೆ, ಕಟ್ಟೆ ಎದ್ದು ಕಾಣುತ್ತಿದ್ದವು. ಊರು ಬಿಟ್ಟು ಬಂದವರು ಬುತ್ತಿ ಕಟ್ಟಿಕೊಂಡು ಹೋಗಿ, ತಮ್ಮ ತಮ್ಮ ಮನೆಯ ಜಾಗದಲ್ಲಿ ಕೂತು ಉಂಡು ಬರುತ್ತಿದ್ದರು. ಅಳಿಯನಿಗೆ ಊರು ತೋರಿಸುವುದೆಂದು ಪಂಚಾಕ್ಷರಪ್ಪನೂ ಹೊರಟ. ಹೊರಟವರು ಆರು ಜನ: ಗಂಡ ಹೆಂಡತಿ, ಮಗಳು ಅಳಿಯ, ಕಣ್ಣಿಗೆ ಪೊರೆ ಬಂದ ಮುದುಕಿ ಅನ್ನದಾನಮ್ಮ, ಟ್ರ್ಯಾಕ್ಟರ್ ಹೊಡೆಯುವ ಹುಲುಗಪ್ಪ. ಅನ್ನದಾನಮ್ಮ ಪಂಚಾಕ್ಷರಪ್ಪನ ತಾಯಿ, ಆ ಊರಿನಲ್ಲಿ ಸೊಸೆಯಾಗಿ ಬಾಳಿದವಳು. ಊರ ಸುದ್ದಿ ಎತ್ತಿದರೆ ಮಾತು ನಿಲ್ಲಿಸುವವಳು ಅವತ್ತು ಮಾತ್ರ ಎಲ್ಲರಿಗಿಂತ ಮೊದಲು ಟ್ರ್ಯಾಲಿ ಹತ್ತಿ ಕೂತಿದ್ದಳು.

ನಾಗಲಿಂಗಮ್ಮ ನಸುಕಿಗೇ ಎದ್ದು ಸಜ್ಜೆರೊಟ್ಟಿ, ಎಣ್ಣೆಗಾಯಿ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರನ್ನದ ಬುತ್ತಿ ಕಟ್ಟಿದ್ದಳು. ಬುಟ್ಟಿಯ ತಳದಲ್ಲಿ ಒಂದು ಹಿತ್ತಾಳೆ ದೀಪ, ಬತ್ತಿ, ಎಣ್ಣೆಬಾಟ್ಲಿ ಇಟ್ಟುಕೊಂಡಳು. ಹಳೇ ಮನೆಯ ಹೊಸ್ತಿಲಿಗೆ ದೀಪ ಹಚ್ಚದೆ ಉಣ್ಣಬಾರದು ಎಂಬುದು ಅತ್ತೆಯ ಅಪ್ಪಣೆ. ಹಚ್ಚಿದ ಮೇಲೆ ಅದು ತಾನಾಗಿ ಶಾಂತವಾಗುವ ತನಕ ಅಲುಗಿಸಬಾರದು. ಹೊಸ ಜೋಡಿ ಜೊತೆಗಿರುವಾಗಲಂತೂ ಮುಟ್ಟಲೇಬಾರದು.

ಊರು ಅಂದರೆ ಏನು, ಒಡೆದ ಮೊಣಕಾಲೆತ್ತರದ ಗೋಡೆಗಳು. ನೆಲದ ಮೇಲೆ ಒಣಗಿ ಬಿರಿದ ಕೆಸರು, ಕಾಲಿಟ್ಟರೆ ಹಪ್ಪಳದಂತೆ ಮುರಿಯುವುದು. ದೂರದಲ್ಲಿ ನೀರು ಸುಮ್ಮನೆ ಮಲಗಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಮೇಲಿನ ಓಣಿಯಲ್ಲಿ, ಡ್ಯಾಮು ಪೂರ್ತಿ ತುಂಬಿದ ವರ್ಷ ಮಾತ್ರ ನೀರು ಮುಟ್ಟುವ ಎತ್ತರದಲ್ಲಿ, ಪಂಚಾಕ್ಷರಪ್ಪನ ಮನೆಯ ಕಲ್ಲುಹೊಸ್ತಿಲು ಹಾಗೇ ಇತ್ತು. ಮುದುಕಿ ಅದನ್ನು ಕೈಯಿಂದ ತಡವಿ ಹಣೆ ಹಚ್ಚಿದಳು. ನಾಗಲಿಂಗಮ್ಮ ದೀಪ ಹಚ್ಚಿಟ್ಟಳು. ಬಿಸಿಲಿಗೆ ಉರಿ ಕಾಣುತ್ತಲೇ ಇರಲಿಲ್ಲ, ಬತ್ತಿಯ ತುದಿ ಕಪ್ಪಾಗುವುದು ಮಾತ್ರ ಕಂಡಿತು.

ಎಲ್ಲರೂ ನಗುತ್ತಲೇ ಇದ್ದರು, ಸುಳ್ಳಲ್ಲ. ಹಾಲೇಶಪ್ಪ ಹೆಂಡತಿಯನ್ನು ಗೋಡೆಗೋಡೆಗೆ ನಿಲ್ಲಿಸಿ, "ಇದು ಯಾರ ಅಡುಗಿಮನಿ, ಇದು ಯಾರ ದನದ ಕೊಟ್ಟಿಗಿ" ಎಂದು ಕೇಳುತ್ತಿದ್ದ. ಆದರೆ ಓಣಿಯಲ್ಲಿ ನಡೆಯುವಾಗ ಒಂದೊಂದು ಕಡೆ ಕಾಲ ಕೆಳಗಿನ ಸದ್ದು ಬೇರೆಯಾಗುವುದನ್ನು ನಾಗಲಿಂಗಮ್ಮ ಗಮನಿಸಿದಳು. ಅವಳ ತವರು ಕೋಗಳಿ. ಅಲ್ಲೂ ಹಗೇವುಗಳಿದ್ದವು. ಟೊಳ್ಳು ನೆಲದ ಸದ್ದು ಅವಳ ಅಂಗಾಲಿಗೆ ಗೊತ್ತಿತ್ತು. ಮನಸ್ಸು ಯಾಕೋ ಅಳುಕಿತು.

ಏಳನೇ ಹಗೇವು ಹೊಸ್ತಿಲಿಂದ ಬಡಗಲಿಗೆ ಹನ್ನೊಂದು ಹೆಜ್ಜೆ ಎಂದಳು ಮುದುಕಿ. ಪಂಚಾಕ್ಷರಪ್ಪ ಎಣಿಸಿಕೊಂಡು ಹೋಗಿ ನಿಂತ. ಹುಲುಗಪ್ಪ ಸಲಿಕೆಯಿಂದ ಗೇಣುದ್ದ ಕೆಸರು ಎಬ್ಬಿಸಿದ್ದೇ ತಡ, ಚಪ್ಪಡಿ ಠಣ್ ಎಂದಿತು. ಪಂಚಾಕ್ಷರಪ್ಪನ ಮುಖ ನೋಡಬೇಕಿತ್ತು. ಇಪ್ಪತ್ತೆರಡು ವರ್ಷಗಳ ಮಾತು ಕಲ್ಲಾಗಿ ಸಿಕ್ಕಿತ್ತು. "ನೋಡ್ರಿ ಅಳಿಯಾರ, ನಾ ಹೇಳಿದ್ದು ಕಟ್ಟುಕತಿ ಅಲ್ಲ" ಎಂದ.

ಹಾರೆ ಹಾಕಿ ಚಪ್ಪಡಿ ಸರಿಸಿದರು. ಒಬ್ಬ ಮನುಷ್ಯ ಮೈ ಹಿಡಿ ಮಾಡಿ ಇಳಿಯುವಷ್ಟು ಬಾಯಿ. ಒಳಗಿಂದ ಹುಳಿತ ಹಿಟ್ಟಿನ, ಕೊಳೆತ ಹಗ್ಗದ ವಾಸನೆ ಎದ್ದು ಬಂತು. ಹುಲುಗಪ್ಪ ಮೂಗು ಮುಚ್ಚಿಕೊಂಡು ಹಿಂದೆ ಸರಿದ.

"ಇಳಿಯೋ ಹುಲುಗ, ಒಂದು ಹಿಡಿ ತಗೊಂಡು ಬಾ" ಎಂದ ಪಂಚಾಕ್ಷರಪ್ಪ.

"ಒಲ್ಲೆ ಸಾವ್ಕಾರ್ರ. ನಮ್ಮಜ್ಜ ಹಗೇವಿನ ಝಳ ಹೊಡೆದು ಸತ್ತಾನ. ನಿಮ್ಮ ಮನ್ಯಾಗ ಹಗೇವು ಇಳೀತಿದ್ದೋರು ನಾವ ಅಲ್ಲೇನ್ರಿ. ಬಾಯಿ ತೆಗೆದು ಒಂದು ದಿನ ಬಿಡಬೇಕು. ಬೆಂಕಿ ಇಳಿಸಿ ನೋಡಬೇಕು. ನಾಳಿಗಿ ಇಳೀತೀನಿ."

ಪಂಚಾಕ್ಷರಪ್ಪನಿಗೆ ಅವಮಾನವಾಯಿತು. ಏಳು ಹಗೇವಿನ ಧಣಿ ಹೌದು, ಆದರೆ ಆತ ಜನ್ಮದಲ್ಲಿ ಒಂದು ಹಗೇವಿನೊಳಗೂ ಇಳಿದವನಲ್ಲ. ಉಂಡವನಿಗೇನು ಗೊತ್ತು ಅಟ್ಟವಳ ಬೆವರು? ಮುದುಕಿ ಕೂತಲ್ಲಿಂದಲೇ, "ಹೌದಪಾ, ಇಳಿಸಿ ನೋಡಬೇಕು. ಆರಿದ್ರ ಇಳೀಬಾರ್ದು" ಎಂದು ಗೊಣಗಿದಳು.

"ಅಷ್ಟೇ ತಾನೆ ಅಜ್ಜಿ?" ಎಂದು ಹಾಲೇಶಪ್ಪ ಮಾವನ ಕೈಯಿಂದ ಬ್ಯಾಟರಿ ತೆಗೆದುಕೊಂಡ. ಬಟನ್ ಒತ್ತಿ, ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಒಳಗೆ ಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಬೆಳಕು ಕುತ್ತಿಗೆ ದಾಟಿತು, ನೀರಿನ ಹರವಿಯ ಹೊಟ್ಟೆಯಂಥ ಒಳಗೋಡೆ ತೋರಿಸಿತು, ತಳಕ್ಕೆ ಹೋಗಿ ನಿಂತಿತು. ಎರಡಾಳು ಆಳ. ತಳದಲ್ಲಿ ಕರ್ರಗೆ ಹೆಪ್ಪುಗಟ್ಟಿದ ಜೋಳ.

"ಆರಿತೇನೋ?" ಎಂದಳು ಮುದುಕಿ.

"ಎಲ್ಲಿ ಆರತೈತಿ ಅವ್ವಾ, ಅಳಿಯಾರು ತಂದ ಬ್ಯಾಟರಿ, ನಿಗಿನಿಗಿ ಉರಿಯಾಕ ಹತ್ತೈತಿ" ಎಂದ ಪಂಚಾಕ್ಷರಪ್ಪ ಹೆಮ್ಮೆಯಿಂದ.

"ಎಣ್ಣಿ ಇಲ್ಲದ ದೀಪ ಅಂತಾರಲ್ಲ, ಅದು. ಆರದಿದ್ರ ಸರಿ ಬಿಡು" ಎಂದಳು ಪೊರೆಗಣ್ಣಿನ ಮುದುಕಿ.

ಬುಟ್ಟಿಯ ಹತ್ತಿರ ಸೆರಗು ಮುಂದಕ್ಕೆಳೆದು ಕೂತ ನಾಗಲಿಂಗಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಏನೋ ತಪ್ಪಿದೆ ಅನಿಸುತ್ತಿತ್ತು, ಏನು ಎಂದು ಕೈಗೆ ಸಿಗುತ್ತಿರಲಿಲ್ಲ. ಕೋಗಳಿಯಲ್ಲಿ ಅವಳಪ್ಪ ಕಂದೀಲು ಇಳಿಸುತ್ತಿದ್ದ. ಒಂದು ಸಲ ಕಂದೀಲು ಆರು ಮೊಳ ಇಳಿಯುವಷ್ಟರಲ್ಲಿ ಉಸಿರುಗಟ್ಟಿದಂತೆ ಮಿಡುಕಿ ನಂದಿಹೋಗಿತ್ತು. ಉಸಿರುಗಟ್ಟಿದಂತೆ. ಅಲ್ಲಿಗೆ ಅವಳಿಗೆ ತಿಳಿಯಿತು. ಬೆಂಕಿಗೆ ಉಸಿರು ಬೇಕು, ಮನುಷ್ಯನಿಗೂ ಬೇಕು. ಬ್ಯಾಟರಿಗೆ ಬೇಕಿಲ್ಲ. ಅದು ಹೆಣದ ಪಕ್ಕದಲ್ಲೂ ಉರಿಯುತ್ತದೆ.

ಕೂಗಬೇಕಿತ್ತು. ಆದರೆ ಆ ಮನೆಯಲ್ಲಿ ಅತ್ತೆಯಾದವಳು ಅಳಿಯನೆದುರು ದನಿ ಎತ್ತುವ ರೂಢಿಯಿರಲಿಲ್ಲ. ಮದುವೆಯಾಗಿ ಮೂರು ತಿಂಗಳಾದರೂ ಅವಳು ಅವನೊಂದಿಗೆ ಒಂದು ಮಾತೂ ನೇರವಾಗಿ ಆಡಿರಲಿಲ್ಲ. ಬಡಿಸುವಾಗ ಕೂಡ, "ಕೇಳು ಕೊಟ್ರಾ, ಇನ್ನೊಂದು ಹೋಳಿಗಿ ಹಾಕ್ಲೇನಂತ" ಎಂದು ಮಗಳ ಬಾಯಿಂದಲೇ ಕೇಳಿಸುವಳು. ಮಾತು ಬೆಳ್ಳಿ ಮೌನ ಬಂಗಾರ ಎಂದು ಹೆಣ್ಣುಮಕ್ಕಳಿಗೆ ಹೇಳಿಕೊಟ್ಟವರ ಬಾಯಿಗೆ ಮಣ್ಣು ಬೀಳಲಿ.

ಮಗಳನ್ನು ಸನ್ನೆ ಮಾಡಿ ಕರೆದಳು. "ಕೊಟ್ರಾ, ಅದು ಬೆಂಕಿ ಅಲ್ಲವ್ವಾ. ಬ್ಯಾಟರಿ ಆರೂದಿಲ್ಲ. ನಿಮ್ಮಪ್ಪಗ ಹೇಳು, ಇಳೀಬ್ಯಾಡ್ರಿ ಅನ್ನು."

ಕೊಟ್ರಮ್ಮ ಹೋಗಿ ಹೇಳಿದಳು. ಪಂಚಾಕ್ಷರಪ್ಪ ಹೆಂಡತಿಯ ಕಡೆ ತಿರುಗಿ ನೋಡಿದ ನೋಟದಲ್ಲೇ ಉತ್ತರವಿತ್ತು. ಅಳಿಯ ಪ್ರೀತಿಯಿಂದ ತಂದ ಸಾಮಾನನ್ನು ಅಳಿಯನ ಮುಂದೆಯೇ ಹೀಗಳೆಯುವುದೆಂದರೇನು? "ನಿಮ್ಮವ್ವ ಕೋಗಳ್ಯಾಕಿ, ಹಳೇ ಕಾಲದಾಕಿ" ಎಂದು ನಕ್ಕ.

ಹಾಲೇಶಪ್ಪ ಅಂಗಿ ಕಳಚಿ ಹೆಂಡತಿಯ ಕೈಗೆ ಕೊಡುತ್ತಿದ್ದ. ತಗ್ಗಿದ ದನಿಯಲ್ಲಿ ಅವನು ಹೇಳಿದ್ದು ನಾಗಲಿಂಗಮ್ಮನಿಗೂ ಕೇಳಿಸಿತು. "ಒಂದು ಹಿಡಿ ಸಾಕು ಕಣೆ. ಒಯ್ದು ನಮ್ಮವ್ವನ ಮುಂದೆ ಇಡ್ತೀನಿ. ಇನ್ನೊಂದ್ಸಲ ನಿನಗೆ ಏಳು ಹಗೇವು ಅಂತ ಅನ್ನಬಾರದು ಆಕೆ." ಕೊಟ್ರಮ್ಮ ತಲೆ ತಗ್ಗಿಸಿ ನಕ್ಕಳು. ಮದುವೆಯಾದ ಮೇಲೆ ಮಗಳು ಹಾಗೆ ನಕ್ಕಿದ್ದನ್ನು ತಾಯಿ ಅವತ್ತೇ ಮೊದಲು ನೋಡಿದ್ದು. ಆ ನಗುವೇ ಅವಳ ನಾಲಿಗೆ ಕಟ್ಟಿಹಾಕಿತು.

ಪಕ್ಕದಲ್ಲಿ ಹೊಸ್ತಿಲ ಮೇಲೆ ದೀಪ ಉರಿಯುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎತ್ತಿಕೊಂಡು ಹೋಗಿ ಹಗೇವಿಗೆ ಇಳಿಸಿದರೆ ಮುಗಿಯಿತು, ಮಾತೇ ಬೇಡ. ಅವಳ ಕೈ ಅರ್ಧ ದೂರ ಹೋಯಿತು. ಹೊಸ್ತಿಲ ದೀಪ ಎತ್ತಿ, ಅದು ಕೈಯಲ್ಲೇ ನಂದಿಬಿಟ್ಟರೆ? ಹೊಸ ಮುತ್ತೈದೆ ಎದುರಿಗೆ ನಿಂತಿದ್ದಾಳೆ. ಮಗಳ ಕುಂಕುಮಕ್ಕೆ ಕೇಡು ಬಂದರೆ? ಅರ್ಧ ದೂರ ಹೋದ ಕೈ ಹಿಂದಕ್ಕೆ ಬಂತು.

"ಸೊಂಟಕ್ಕ ಹಗ್ಗ ಕಟ್ಟಿಗೊಳ್ರಿ ಅಳಿಯಾರ" ಎಂದ ಹುಲುಗಪ್ಪ.

"ನಾನೇನು ಎಮ್ಮೆಕರುನಾ?" ಎಂದು ನಕ್ಕು, ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಹಾಲೇಶಪ್ಪ ಇಳಿದ. ಮೊದಲು ಸೊಂಟ, ಆಮೇಲೆ ಹೆಗಲು, ಆಮೇಲೆ ಎಣ್ಣೆ ಹಚ್ಚಿ ಬಾಚಿದ ತಲೆ ಹಗೇವಿನ ಬಾಯಲ್ಲಿ ಕರಗಿತು.

ಒಳಗಿಂದ ದನಿ ಬಂತು, ಕೊಡದೊಳಗಿಂದ ಬಂದ ಹಾಗೆ. "ಐತೆ ಮಾವಾ, ಜ್ವಾಳ ಐತೆ... ಮ್ಯಾಲೆ ಗಟ್ಟಿ ಆಗೇತೆ, ಕೆಳಗೆ..." ಅಷ್ಟೇ. ಆಮೇಲೆ ಏನೋ ಮೆತ್ತಗೆ ಬಿದ್ದ ಸದ್ದು.

ಹಗ್ಗ ಸಡಿಲವಾಯಿತು. ಪಂಚಾಕ್ಷರಪ್ಪ, "ಅಳಿಯಾರ? ಅಳಿಯಾರ?" ಎಂದ. ಬಗ್ಗಿ ನೋಡಿದರೆ ತಳದಲ್ಲಿ ಬ್ಯಾಟರಿ ಉರಿಯುತ್ತಲೇ ಇತ್ತು. ಅದರ ಬೆಳಕಿನಲ್ಲಿ ಹಾಲೇಶಪ್ಪನ ಒಂದು ಹೆಗಲು ಕಾಣುತ್ತಿತ್ತು. ಅಲುಗುತ್ತಿರಲಿಲ್ಲ.

"ಹಾಲೇಶಪ್ಪಾ!"

ಕೂಗಿದವಳು ನಾಗಲಿಂಗಮ್ಮ. ಸೆರಗು ಜಾರಿ, ತಲೆ ಬರಿದಾಗಿ, ಹಗೇವಿನ ಬಾಯಿಗೆ ಮುಖ ಹಾಕಿ ಕೂಗುತ್ತಿದ್ದಳು. ಅಳಿಯನೊಂದಿಗೆ ಅವಳಾಡಿದ ಮೊದಲ ಮಾತು ಅದು. ಕೆಳಗಿಂದ ಅವಳ ಕೂಗೇ ತಿರುಗಿ ಬಂತು.

ಪಂಚಾಕ್ಷರಪ್ಪ ಧೋತರ ಮೇಲೆ ಕಟ್ಟಿ ಹಗೇವಿಗೆ ಕಾಲಿಟ್ಟ. ಅಷ್ಟರಲ್ಲಿ ನಾಗಲಿಂಗಮ್ಮ ಓಡಿಹೋಗಿ ಹೊಸ್ತಿಲ ದೀಪ ಕಿತ್ತುಕೊಂಡು ಬಂದಳು. ಈಗ ಶಕುನವಿಲ್ಲ, ಅಪಶಕುನವಿಲ್ಲ. ಬುತ್ತಿಯ ಪಾತ್ರೆ ಬರಿದು ಮಾಡಿ, ಅದರಲ್ಲಿ ದೀಪ ಇಟ್ಟು, ಇನ್ನೊಂದು ಹಗ್ಗಕ್ಕೆ ಕಟ್ಟಿ ಇಳಿಸಿದಳು. ಒಂದಾಳು ಆಳಕ್ಕೆ ಹೋಗಿರಲಿಲ್ಲ, ಉರಿ ಸಣ್ಣಗಾಯಿತು, ನೀಲಿಯಾಯಿತು, ಯಾರೋ ಬೆರಳಲ್ಲಿ ಚಿವುಟಿದಂತೆ ನಂದಿತು. ಅದರ ಕೆಳಗೆ ಬ್ಯಾಟರಿ ನಿಗಿನಿಗಿ ಉರಿಯುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಗಾದೆ ಮಾಡಿದವರು ಇಂಥದೇ ಒಂದನ್ನು ಕಂಡಿರಬೇಕು.

"ನೋಡಿದ್ರಿಲ್ಲ? ನೀವು ಇಳಿದ್ರ ಎರಡು ಹೆಣ" ಎಂದಳು ಗಂಡನಿಗೆ.

"ಬಿಡು, ಮಗಳ ಗಂಡ ಅದಾನ ಒಳಗ!"

ಬಿಡಲಿಲ್ಲ. ಹುಲುಗಪ್ಪ ಒಂದು ರಟ್ಟೆ ಹಿಡಿದ, ಅವಳು ಸೊಂಟ ಅವುಚಿಕೊಂಡು ನೆಲಕ್ಕೆ ಕೂತಳು. ಗಂಡ ಗುದ್ದಿದ, ಬೈದ, ಕೊನೆಗೆ ಮಗುವಿನಂತೆ ಅತ್ತ. ಕೊಟ್ರಮ್ಮ ಗಂಡನ ಅಂಗಿಯನ್ನು ಎದೆಗವುಚಿಕೊಂಡು, "ಬಿಡವ್ವಾ, ಅಪ್ಪನ್ನ ಬಿಡು, ಅವರು ಒಬ್ಬರ ಅದಾರ" ಎಂದು ತಾಯಿಯ ಕೈ ಕೀಳುತ್ತಿದ್ದಳು. ಬಳೆ ಒಡೆದು ಚುಚ್ಚಿ ನಾಗಲಿಂಗಮ್ಮನ ಮುಂಗೈಯಲ್ಲಿ ರಕ್ತ ಬಂತು. ಆದರೂ ಬಿಡಲಿಲ್ಲ. ಏನೂ ಕಾಣದ ಮುದುಕಿ ಒಂದೇ ಸಮ, "ಯಾರು ಬಿದ್ರು? ಯಾರು ಬಿದ್ರು?" ಎಂದು ಕೇಳುತ್ತಿದ್ದಳು. 

ಹುಲುಗಪ್ಪ ಜಾಲಿ ಟೊಂಗೆ ಕಡಿದು ತಂದು ಹಗೇವಿನೊಳಗೆ ಎತ್ತಿ ಎತ್ತಿ ಇಳಿಸಿದ, ಕಂಬಳಿ ಬೀಸಿ ಗಾಳಿ ಹಾಕಿದ. ನಾಗಲಿಂಗಮ್ಮ ಮತ್ತೆ ದೀಪ ಹಚ್ಚಿ ಇಳಿಸಿದಳು, ನಂದಿತು. ಮತ್ತೆ ಟೊಂಗೆ, ಮತ್ತೆ ಕಂಬಳಿ. ನಾಲ್ಕನೇ ಸಲಕ್ಕೆ ದೀಪ ತಳ ಮುಟ್ಟಿ ಉರಿಯಿತು. ಅಷ್ಟರಲ್ಲಿ ಹೊಸ್ತಿಲ ಬಳಿ ಗೋಡೆಯ ನೆರಳು ಒಂದು ಮಾರು ಸರಿದಿತ್ತು. ಹುಲುಗಪ್ಪ ಮೂಗಿಗೆ ಹಸಿಬಟ್ಟೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅಜ್ಜನ ಹೆಸರು ಹೇಳಿ ಇಳಿದ. ಹಾಲೇಶಪ್ಪನನ್ನು ಮೇಲೆ ಎಳೆದು ಹಾಕಿದಾಗ ಅವನ ಮುಖ ನಿದ್ದೆ ಮಾಡುವವನದಂತಿತ್ತು. ಬಲಗೈ ಮುಷ್ಟಿ ಬಿಗಿದಿತ್ತು.

ಹಗರಿಬೊಮ್ಮನಹಳ್ಳಿಯ ಡಾಕ್ಟರು ರೆಪ್ಪೆ ಎತ್ತಿ ನೋಡಿ ಕೈ ತೊಳೆದುಕೊಂಡರು. ಅಲ್ಲಿಂದ ಒಂದು ಜೀಪು ಮಾಡಿಕೊಂಡು ಹರಪನಹಳ್ಳಿಗೆ ಹೊರಟರು. ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಕೊಟ್ರಮ್ಮ ಕೊಟ್ಟೂರು ದಾಟುವ ತನಕ ಅವನ ಕೂದಲಿಗಂಟಿದ ಮಣ್ಣು ತೆಗೆಯುತ್ತಿದ್ದಳು. ದಾಟಿದ ಮೇಲೆ ತಾಯಿಯ ಕಡೆ ತಿರುಗದೆಯೇ ಹೇಳಿದಳು.

"ದೀಪ ನಿನ್ನ ಬಾಜೂಕ ಇತ್ತಲ್ಲವ್ವಾ."

ಅತ್ತು ಹೇಳಿದ್ದರೆ, ಬೈದು ಹೇಳಿದ್ದರೆ ನಾಗಲಿಂಗಮ್ಮ ತಡೆದುಕೊಳ್ಳುತ್ತಿದ್ದಳು. ಮಗಳು ಸುಮ್ಮನೆ ಹೇಳಿದ್ದಳು. ನಿನ್ನ ಕುಂಕುಮಕ್ಕೆ ಹೆದರಿ ಮುಟ್ಟಲಿಲ್ಲ ಎಂದು ಆ ಹಣೆಯನ್ನು ನೋಡಿ ಹೇಳುವುದು ಹೇಗೆ?

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸುದ್ದಿ ಮೊದಲೇ ಬಂದು ಓಣಿ ತುಂಬಿತ್ತು. ಹಾಲೇಶಪ್ಪನ ತಾಯಿ ಅಳಲಿಲ್ಲ, ಕೂಗಲಿಲ್ಲ. ಮಗನ ಪಕ್ಕದಲ್ಲಿ ಕೂತು ತಲೆ ಸವರಿದಳು, ಎದೆ ಸವರಿದಳು, ಬಿಗಿದ ಮುಷ್ಟಿ ಕಂಡು ಒಂದೊಂದೇ ಬೆರಳು ಬಿಡಿಸಿದಳು. ಕರ್ರಗೆ ಕಮಟು ಹಿಡಿದ ಕಾಳು ಅವಳ ಮಡಿಲಿಗೆ ಉದುರಿತು.

"ಏನಿದು?" ಎಂದಳು. ಪಂಚಾಕ್ಷರಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಸೊಸೆಯನ್ನು ನೋಡಿದಳು. "ಏನಿದು, ಯಾರಾದರೂ ಹೇಳ್ರಿ."

ನಾಗಲಿಂಗಮ್ಮ ಸೆರಗು ಎಳೆದುಕೊಳ್ಳದೆ ಮುಂದೆ ಬಂದು ಬೀಗಿತ್ತಿಯ ಎದುರಿಗೆ ಕೂತಳು.

"ನಮ್ಮ ಏಳನೇ ಹಗೇವಿನ ಜ್ವಾಳರಿ" ಎಂದಳು. "ನಿಮಗ ತೋರ್ಸಾಕಂತ ತಂದಾನ."